ಎಡಿನ್‌ಬರೊದಲ್ಲಿ ಗುಂಡಿಗೆ ಬಿದ್ದ ಬಳ್ಳಾರಿಯ ಬೀದಿ

ಬಳ್ಳಾರಿ, ಪಾರ್ವತಿನಗರ

ಊರ ನಡುವೆ ಒಂದು ಬಂಡೆಗುಡ್ಡ, ಗುಡ್ಡದ ನೆತ್ತಿಯಲ್ಲಿ ಕೋಟೆ, ಕೋಟೆಯ ಬುಡದ ಸುತ್ತ ಊರು. ಇಂಥದ್ದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದು ಎಡಿನ್‌ಬರೊದ ಟ್ಯಾಕ್ಸಿ ಚಾಲಕ ನನಗೆ ತಿಳಿಸಿದ. ನಾನು ಬಳ್ಳಾರಿಯವಳು, ಹುಟ್ಟಿದಂದಿನಿಂದ ಇಂಥದ್ದನ್ನೇ ನೋಡಿಕೊಂಡು ಬೆಳೆದವಳು. ಚೆನ್ನಾಗಿದೆ ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಸೋದರತ್ತೆ ಮಾತ್ರ ಬಿಡಲಿಲ್ಲ. “ನಮ್ಮ ಗುಡ್ಡ ಒಂದೇ ಬಂಡಿಗಲ್ಲು ಐತಿ, ಇವರದು ಚೂರುಚೂರು ಕಾಣಸ್ತೈತಿ. ಹೇಳು ಅವಗ,” ಎಂದರು. ನಾನು ಹೇಳಲಿಲ್ಲ. ಆ ಊರಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಗೆದ್ದ ಸಂದರ್ಭ ಅದೊಂದೇ.

ಹೋದದ್ದು ಯಾಕೆಂದು ಮೊದಲು ಹೇಳಬೇಕು. ನಾನು ವಾಸ್ತುಶಿಲ್ಪದ ಇತಿಹಾಸ ಓದಿದವಳು. ಬಳ್ಳಾರಿಯ ಹಳೇ ಪೇಟೆಯ ಮನೆಗಳ ಮೇಲೆ ಒಂದು ಪ್ರಬಂಧ ಬರೆದಿದ್ದೇನೆ. ಅದನ್ನು ತಿರುವಿ ನೋಡಿದವರು ನನ್ನ ಮಾರ್ಗದರ್ಶಕರೂ ಅಲ್ಲ, ಎಡಿನ್‌ಬರೊದ ಒಂದು ಸಂಘದವರು. ಈ ಸಂಘ ಹತ್ತೊಂಬತ್ತನೇ ಶತಮಾನದ ಜೋಡಿಚಿತ್ರಗಳನ್ನು ಕೂಡಿಡುತ್ತದೆ. ಒಂದು ರಟ್ಟಿನ ಮೇಲೆ ಒಂದೇ ಬೀದಿಯ ಎರಡು ಫೋಟೋ, ಅಕ್ಕಪಕ್ಕ. ಒಂದು ಎಡಗಣ್ಣು ಕಂಡಂತೆ, ಇನ್ನೊಂದು ಬಲಗಣ್ಣು ಕಂಡಂತೆ. ಸ್ಟೀರಿಯೋಸ್ಕೋಪ್ ಎಂಬ ಮರದ ಸಾಧನಕ್ಕೆ ಸಿಕ್ಕಿಸಿ, ಅದರ ಎರಡು ಗಾಜುಗಳಿಗೆ ಕಣ್ಣು ಹಚ್ಚಿ ನೋಡಿದರೆ ಎರಡೂ ಕೂಡಿ ಬೀದಿ ಎದ್ದು ನಿಲ್ಲುತ್ತದೆ. ಮುಂದಿನದು ಮುಂದೆ, ಹಿಂದಿನದು ಹಿಂದೆ. ಟಿ.ವಿ. ಇಲ್ಲದ ಕಾಲದಲ್ಲಿ ಉಳ್ಳವರು ಊಟವಾದ ಮೇಲೆ ಹೀಗೆ ಪರವೂರಿನ ಗೋಪುರ, ಸೇತುವೆ, ಪೇಟೆಗಳನ್ನು ನೋಡಿ ನಿದ್ದೆ ಹೋಗುತ್ತಿದ್ದರು.

ಸಂಘದ ಬಳಿ ಭಾರತದ ಊರುಗಳ ಜೋಡಿಚಿತ್ರಗಳೂ ಇದ್ದವು. ಅವನ್ನು ವಿವರಿಸಿ ಪಟ್ಟಿ ಮಾಡಲು ಎರಡು ವರ್ಷದ ಮಟ್ಟಿಗೆ ಒಬ್ಬರು ಸಹಾಯಕರು ಬೇಕಾಗಿದ್ದರು. ಕೊನೆಯ ಇಬ್ಬರಲ್ಲಿ ನಾನೂ ಒಬ್ಬಳಾದೆ. ಬಂದು ಮುಖ ತೋರಿಸಿ ಎಂದು ಕರೆದರು. ಆ ಕೆಲಸ ನನಗೆ ಬೇಕಿತ್ತು. ಕಾಲೇಜಿನಲ್ಲಿದ್ದ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಬೇಸಿಗೆಗೇ ಮುಗಿದಿತ್ತು. ಮನೆಗೆ ಬಂದು ಚಹಾ ಕುಡಿದು ನನ್ನನ್ನು ನೋಡಿಕೊಂಡು ಹೋಗುವವರು ಹೆಚ್ಚುತ್ತಿದ್ದರು. ಇದಕ್ಕಿಂತ ಹೆಚ್ಚಿನ ವಿವರ ಇಲ್ಲಿ ಬೇಕಿಲ್ಲ.

ಒಬ್ಬಳೇ ಹೋಗುವುದು ಬೇಡ ಎಂದು ಅಪ್ಪ ಕೂತುಬಿಟ್ಟರು. ಅವರ ಅಕ್ಕ, ಸಿರುಗುಪ್ಪದ ನಿವೃತ್ತ ಮುಖ್ಯೋಪಾಧ್ಯಾಯಿನಿ ಶರಣಮ್ಮ, ನನ್ನ ಕಾವಲಿಗೆ ನೇಮಕವಾದರು. ಅವರ ಕಾವಲಿಗೆ ನಾನು ಎಂಬುದು ವಿಮಾನ ಏರಿದ ಮೇಲೆ ತಿಳಿಯಿತು.

ಕುರುಗೋಡು

ಕುರುಗೋಡಿನ ಬಸವಣ್ಣನಿಗೆ ಹೇಳದೆ ಅತ್ತೆ ಹೊಸಪೇಟೆಗೂ ಹೋಗುವವರಲ್ಲ. ಹೀಗಾಗಿ ನನ್ನ ವಿದೇಶ ಪ್ರವಾಸ ಮೊದಲು ಕುರುಗೋಡಿಗೆ ಹೋಯಿತು. ಅವರು ಕಾಯಿ ಒಡೆಸುವಷ್ಟರಲ್ಲಿ ನಾನು ಫೋನಿನಲ್ಲಿ ಜೋಡಿಚಿತ್ರ ತೆಗೆಯುವ ಅಭ್ಯಾಸಕ್ಕೆ ನಿಂತೆ. ವಿಧಾನ ಸರಳ: ಎಡಗಾಲಿನ ಮೇಲೆ ಭಾರ ಹಾಕಿ ಒಂದು, ಬಲಗಾಲಿನ ಮೇಲೆ ಭಾರ ಹಾಕಿ ಇನ್ನೊಂದು. ಅಷ್ಟು ದೊಡ್ಡ ಕಲ್ಲಿನ ಬಸವಣ್ಣ ಅಲುಗದೆ ಸಹಕರಿಸಿದ.

ನೋಡಲು ಸಾಧನವೂ ಬೇಕಿಲ್ಲ. ಕಣ್ಣುಗುಡ್ಡೆಗಳನ್ನು ಮೂಗಿನ ಕಡೆ ತಿರುಗಿಸಿ ಮೆಳ್ಳೆಗಣ್ಣು ಮಾಡಿದರೆ ಎಡಗಣ್ಣು ಬಲಗಡೆಯ ಚಿತ್ರವನ್ನೂ ಬಲಗಣ್ಣು ಎಡಗಡೆಯದನ್ನೂ ಹಿಡಿಯುತ್ತವೆ. ಅದಕ್ಕಾಗಿ ಮೊದಲೇ ಎರಡೂ ಚಿತ್ರಗಳ ಜಾಗ ಅದಲುಬದಲು ಮಾಡಿರಬೇಕು. ನಾನು ಮರೆತೆ. ಮೆಳ್ಳೆಗಣ್ಣು ಮಾಡಿ ನೋಡಿದರೆ ಬಸವಣ್ಣ ತಿರುಗುಮುರುಗಾಗಿದ್ದ: ಉಬ್ಬಿದ ಹೊಟ್ಟೆ ಬಾಣಲೆಯ ಹಾಗೆ ಒಳಗೆ ಹೋಗಿತ್ತು, ಹಿಂದಿನ ಗೋಡೆ ಮುಂದೆ ಬಂದಿತ್ತು. ಎಡದ ಚಿತ್ರ ಬಲಗಣ್ಣಿಗೆ ಸಿಕ್ಕರೆ ಹೀಗೆಯೇ. ಹತ್ತಿರದ್ದು ದೂರ, ದೂರದ್ದು ಹತ್ತಿರ, ಉಬ್ಬು ತಗ್ಗು. ಜಾಗ ಬದಲಿಸಿದೆ, ಬಸವಣ್ಣ ಸರಿಯಾಗಿ ಕೂತ.

ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಬಂದವರು ನನ್ನ ಕಣ್ಣು ಕಂಡು ನಿಂತುಬಿಟ್ಟರು. “ಯವ್ವಾ, ಈ ಹುಡುಗಿಗೆ ಏನಾಗೇತ್ರಿ?”

“ಫಾರಿನ್‌ಗೆ ಹೊಂಟಾಳ್ರಿ,” ಎಂದರು ಅತ್ತೆ.

“ಅಲ್ಲಿಗೆ ಹೋಗಿ ಬಂದಮ್ಯಾಲ ಹಿಂಗ ಆಗೋದು ಕಂಡೀನಿ. ಇಕೀಗೆ ಇಲ್ಲೇ ಸುರುವಾತಲ್ರಿ,” ಎಂದು ನನಗೆ ಎರಡು ಸಲ ಆರತಿ ಕೊಟ್ಟರು.

ಸಿರುಗುಪ್ಪ

ಅತ್ತೆಯ ಮನೆಯಲ್ಲಿ ಸಾಮಾನು ಕಟ್ಟುವುದು ಒಂದು ಸಾರ್ವಜನಿಕ ಕಾರ್ಯಕ್ರಮ. ಸಿರುಗುಪ್ಪದ ಸೋನಾ ಮಸೂರಿ ಬಿಟ್ಟರೆ ಉಳಿದದ್ದು ಅಕ್ಕಿಯೇ ಅಲ್ಲ ಎಂದು ಓಣಿ ನಂಬಿರುವುದರಿಂದ ಅಕ್ಕಿಯ ಗಂಟು ಮೊದಲು ಒಳಗೆ ಹೋಯಿತು. ಎದುರುಮನೆಯ ಈರಮ್ಮ ಒಂದು ಸ್ಟೀಲ್ ಚೊಂಬು ತಂದುಕೊಟ್ಟಳು. “ಅಲ್ಲಿ ನೀರು ಮುಟ್ಟಂಗಿಲ್ಲಂತ, ಕಾಗದದಾಗ ಮುಗಿಸ್ತಾರಂತ. ಒಯ್ಯಿರಿ ಅಕ್ಕಾರ, ನಾಚಗೋಬ್ಯಾಡ್ರಿ.” ಇದನ್ನು ಗುಟ್ಟೆಂದು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. ಸಿರುಗುಪ್ಪದಲ್ಲಿ ಗುಟ್ಟು ಹೇಳಲು ತೆಲುಗಿಗೆ ಹೊರಳುತ್ತಾರೆ. ಅಲ್ಲಿ ಎಲ್ಲರಿಗೂ ತೆಲುಗು ಬರುವುದರಿಂದ ಯಾವ ಗುಟ್ಟೂ ಉಳಿದದ್ದನ್ನು ನಾನು ಕಂಡಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ಚೊಂಬನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದ. ಅತ್ತೆ ಮುಖ್ಯೋಪಾಧ್ಯಾಯಿನಿಯ ಇಂಗ್ಲಿಷಿನಲ್ಲಿ, “ಸಂಸ್ಕೃತಿ,” ಎಂದರು. ಅವನು ಗೌರವದಿಂದ ವಾಪಸು ಇಟ್ಟ.

ಎಡಿನ್‌ಬರೊ, ಮೊದಲ ದಿನ

ಈ ಊರಿನವರು ಕೋಟೆಯ ಮೇಲಿಂದ ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. ಹಿಂದೆ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲು ಹಾರಿಸುತ್ತಿದ್ದರಂತೆ. ಈಗ ಎಲ್ಲರ ಕಿಸೆಯಲ್ಲೂ ಫೋನಿದೆ, ತೋಪು ನಿಂತಿಲ್ಲ. ಅದು ಢಮ್ಮೆಂದಾಗ ರಸ್ತೆಯಲ್ಲಿ ಬೆಚ್ಚಿಬಿದ್ದದ್ದು ಪ್ರವಾಸಿಗಳು ಮತ್ತು ಪಾರಿವಾಳ. ಅತ್ತೆ ಬೆಚ್ಚಲಿಲ್ಲ, ಆಕಾಶ ನೋಡಿದರು. “ಕ್ವಾರಿ ಎಲ್ಲೈತಿ? ಕಲ್ಲು ಬಂದು ಬೀಳತಾವ, ಈ ಕಡಿ ಸರಿ,” ಎಂದು ನನ್ನನ್ನು ಅಂಗಡಿಯ ಸೂರಿನಡಿ ಎಳೆದರು.

ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಕಪ್ಪುಗಲ್ಲಿನ ಹಳೆಯ ವಠಾರದ ಮೂರನೇ ಮಹಡಿಯ ಮನೆ. ಎಲ್ಲ ಮನೆಗಳಿಗೂ ಒಂದೇ ಸುತ್ತುಮೆಟ್ಟಿಲು. ಬಾಗಿಲ ಹಿಡಿಕೆಗೆ ಒಂದು ಚಂದದ ಹಲಗೆ ತೂಗುತ್ತಿತ್ತು. ಅತ್ತೆ ಅದನ್ನು ಸ್ವಾಗತದ ಫಲಕವೆಂದು ಒಳಗೆ ತಂದು ಕಿಟಕಿಯಲ್ಲಿ ಅಲಂಕಾರಕ್ಕಿಟ್ಟರು. ಮೆಟ್ಟಿಲು ತೊಳೆಯುವ ಸರದಿ ಈ ವಾರ ನಿಮ್ಮದು ಎಂದು ಅದರಲ್ಲಿ ಬರೆದಿತ್ತು. ಯಾರೂ ಬಂದು ಬಾಯಿಬಿಟ್ಟು ಹೇಳಲಿಲ್ಲ. ಕೆಳಮನೆಯ ಮುದುಕ ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಹವೆಯ ಬಗ್ಗೆ ಮಾತಾಡುತ್ತ ಮೆಟ್ಟಿಲನ್ನೇ ನೋಡುತ್ತಿದ್ದ. ನಮ್ಮ ಓಣಿಯಲ್ಲಾದರೆ ಸರದಿ ತಪ್ಪಿದವರ ಅಜ್ಜನ ಹೆಸರಿನಿಂದ ಬೈಗುಳ ಶುರುವಾಗಿ ಹತ್ತು ನಿಮಿಷದಲ್ಲಿ ವಿಷಯ ಇತ್ಯರ್ಥವಾಗಿರುತ್ತಿತ್ತು. ಇಲ್ಲಿ ಹೇಳಬೇಕಾದ್ದನ್ನು ಹಲಗೆಗೆ ಬರೆದು ತೂಗುಹಾಕಿ ಹವೆಯ ಬಗ್ಗೆ ಮಾತಾಡುತ್ತಾರೆ. ಈ ಪದ್ಧತಿಯನ್ನು ನಾನು ಆ ದಿನವೇ ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಎರಡನೇ ದಿನ

ಸಂಘದ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಖಾನೆಗಳು. ಕಾರ್ಯದರ್ಶಿ ಮಿಸೆಸ್ ಪ್ರಿಂಗಲ್ ಎಂಬ ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲ ಬಳಿ ಸದಾ ಒಂದು ಬಿಳಿ ನಾಯಿ. ಅವರು ನನಗೆ ಹಳೆಯ ಎಡಿನ್‌ಬರೊ ತೋರಿಸಿದರು. ಅದ್ಭುತವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಕಮಾನು, ಕಂಬ, ಗಡಿಯಾರದ ಗೋಪುರ ಎಲ್ಲ ಕೈಗೆಟುಕುವಂತೆ ನಿಂತಿವೆ, ಜನರೇ ಇಲ್ಲ. ಆಗಿನ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದಿರಬೇಕಿತ್ತು, ಆದ್ದರಿಂದ ನಡೆಯುವವರೆಲ್ಲ ಅಳಿಸಿಹೋಗಿ ನಿಂತದ್ದು, ಕೂತದ್ದು ಮಾತ್ರ ಉಳಿದಿದೆ. ಊರಿನವರನ್ನು ಹೊರಗೆ ಕಳಿಸಿ ಊರನ್ನು ಚಿತ್ರಿಸಿದ ಹಾಗೆ. ಈಗಿನ ಎಡಿನ್‌ಬರೊದವರಿಗೂ ಮನಸ್ಸಿನಲ್ಲಿ ಇದೇ ಇಷ್ಟವಿರಬೇಕು. ಪ್ರವಾಸಿಗಳನ್ನು ಅವರು ನೋಡುವ ನೋಟದಲ್ಲಿ, ನೀವು ಸ್ವಲ್ಪ ಅಳಿಸಿಹೋಗಿ ಎಂಬ ಬೇಡಿಕೆ ಇರುತ್ತದೆ.

“ಇದು ನಮ್ಮ ಹಾಸ್ಯದ ಖಾನೆ,” ಎಂದು ಮಿಸೆಸ್ ಪ್ರಿಂಗಲ್ ಕೆಳಗಿನದೊಂದನ್ನು ಎಳೆದರು. ತಪ್ಪಾಗಿ ಅಂಟಿಸಿದ ಕಾರ್ಡುಗಳು. ಎರಡು ಕಣ್ಣಿನ ಕ್ಯಾಮೆರಾದ ಗಾಜಿನ ನೆಗೆಟಿವ್‌ನಿಂದ ಅಚ್ಚು ಹಾಕಿದಾಗ ಎಡದ ಚಿತ್ರ ಬಲಕ್ಕೆ, ಬಲದ್ದು ಎಡಕ್ಕೆ ಬಂದಿರುತ್ತದಂತೆ. ಕತ್ತರಿಸಿ, ಜಾಗ ಬದಲಿಸಿ ರಟ್ಟಿಗೆ ಅಂಟಿಸಬೇಕು. ಅಂಟಿಸುವವನು ಮರೆತರೆ ಎಲ್ಲ ತಿರುಗುಮುರುಗು. ಅವರು ಕೊಟ್ಟ ಕಾರ್ಡಿನಲ್ಲಿ ಎಡಿನ್‌ಬರೊದ ಕೋಟೆಗುಡ್ಡ ಒಂದು ಭಾರೀ ಹೊಂಡವಾಗಿ, ಕೋಟೆ ಅದರ ತಳಕ್ಕೆ ಬಿದ್ದಿತ್ತು. “ಒಂದು ಕ್ಷಣ ಸಾಕು, ನಮ್ಮವರು ಯಾರೇ ಆಗಲಿ ಹಿಡಿದುಬಿಡುತ್ತಾರೆ,” ಎಂದು ನಕ್ಕರು. ಕುರುಗೋಡಿನ ಬಾಣಲೆ ಬಸವಣ್ಣನನ್ನು ನೆನೆದು ನಾನೂ ನಕ್ಕೆ.

ಆಗ ಅಧ್ಯಕ್ಷರಾದ ಡಾಕ್ಟರ್ ಲೋರಿಮರ್ ಬಂದರು. ತೆಳ್ಳಗೆ, ಎತ್ತರ, ಮೃದು ದನಿ. ಕೆಲಸ ಕೊಡುವುದು ಬಿಡುವುದು ಇವರ ಕೈಯಲ್ಲಿತ್ತು. ಎರಡೂ ಅಂಗೈಯಲ್ಲಿ ಒಂದು ಕಾರ್ಡನ್ನು ಆರತಿ ತಟ್ಟೆಯಂತೆ ಹಿಡಿದಿದ್ದರು. ಸಂಘದ ಹೊಸ ಪುಸ್ತಕದ ಕೇಂದ್ರವೇ ಇದು, ಇದರ ಮೇಲೆ ತಮ್ಮದೊಂದು ದೊಡ್ಡ ಲೇಖನವಿದೆ ಎಂದರು. ಕಾರ್ಡಿನ ಕೆಳಗೆ ಅಚ್ಚಾಗಿತ್ತು: ಬಳ್ಳಾರಿ, ಪೇಟೆ ಬೀದಿ.

ಸ್ಟೀರಿಯೋಸ್ಕೋಪಿಗೆ ಕಣ್ಣು ಹಚ್ಚಿದೆ. ನಮ್ಮ ಗುಡ್ಡ ನನ್ನ ಮೂಗಿಗೆ ತಾಗುವಂತೆ ಮುಂದೆ ನಿಂತಿತ್ತು. ಮನೆಗಳು ಅದರಾಚೆ ಎಲ್ಲೋ ಇದ್ದವು. ಪ್ರತಿ ಬಾಗಿಲ ಎರಡೂ ಪಕ್ಕ ಚೌಕಾಕಾರದ ಗುಂಡಿ. ಗುಂಡಿಗಳಲ್ಲಿ ಪೇಟ ಸುತ್ತಿದ ಗಂಡಸರು ಕೂತಿದ್ದರು.

“ಗುಂಡಿಗಳನ್ನು ಗಮನಿಸಿದಿರಾ?” ಡಾಕ್ಟರು ಪಿಸುಗುಟ್ಟಿದರು. “ಬಿಸಿಲ ನಾಡು. ಜನ ತಂಪಿಗಾಗಿ ಮನೆಯ ಮುಂದೆ ನೆಲ ತೋಡಿ ಕೂರುತ್ತಾರೆ. ಮನೆ ಬೀದಿಯಿಂದ ಹಿಂದೆ ಸರಿಯುತ್ತದೆ. ಗುಡ್ಡ ಮೈಮೇಲೆ ಬಂದು ಅವರನ್ನು ಅದುಮುತ್ತದೆ. ಬೀದಿಗೆ ಹೆದರುವ, ಒಳಸರಿಯುವ ಜನ. ಇದನ್ನು ನಾನು ಹಿಂಜರಿಯುವ ಬೀದಿ ಎಂದು ಕರೆದಿದ್ದೇನೆ.”

ಬಳ್ಳಾರಿಯವರ ಮೇಲೆ ಅನೇಕ ಆರೋಪಗಳಿವೆ. ಬೀದಿಯಲ್ಲಿ ಏನು ನಡೆಯುತ್ತದೆಂಬುದರಲ್ಲಿ ಅವರಿಗೆ ಆಸಕ್ತಿಯಿಲ್ಲ ಎಂಬುದನ್ನು ಮೊದಲ ಸಲ ಕೇಳಿದೆ.

ಆ ಸಾಲನ್ನು ನಾನು ಪ್ರಬಂಧಕ್ಕಾಗಿ ಟೇಪು ಹಿಡಿದು ಅಳೆದಿದ್ದೇನೆ. ಅಲ್ಲಿ ಗುಂಡಿ ಇಲ್ಲ. ಇರುವುದು ಕಟ್ಟೆ. ಬಾಗಿಲ ಎರಡೂ ಪಕ್ಕ, ಸೊಂಟದೆತ್ತರದ ಕಲ್ಲಿನ ಕಟ್ಟೆ. ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸಲಿಕ್ಕೆಂದೇ ಬೀದಿಗೆ ಚಾಚಿದ ಕಟ್ಟೆ. ನಡೆಯುತ್ತಿದ್ದ ಬಳ್ಳಾರಿಯೆಲ್ಲ ಅಳಿಸಿಹೋಗಿ ಕಟ್ಟೆಯ ಮೇಲಿನವರು ಮಾತ್ರ ಇಷ್ಟು ಸ್ಪಷ್ಟವಾಗಿ ಉಳಿದದ್ದೂ ಸಹಜವೇ. ನಮ್ಮವರು ಕಟ್ಟೆಗೆ ಕೂತರೆ ಕ್ಯಾಮೆರಾ ದಣಿದು ಹೋಗುವವರೆಗೂ ಏಳುವುದಿಲ್ಲ. ಕಾರ್ಡು ಹಾಸ್ಯದ ಖಾನೆಗೆ ಸೇರಿದ್ದು, ಅಷ್ಟೇ. ಎಡಿನ್‌ಬರೊದ ಚಿತ್ರದಲ್ಲಿ ಒಂದು ಕ್ಷಣಕ್ಕೆ ಹಿಡಿಯುವ ತಪ್ಪನ್ನು ಬಳ್ಳಾರಿಯ ಚಿತ್ರದಲ್ಲಿ ಯಾರೂ ಹಿಡಿದಿರಲಿಲ್ಲ. ಅಲ್ಲಿಯವರು ಗುಂಡಿಯಲ್ಲಿ ಕೂರುತ್ತಾರೆ ಎಂದರೆ ಇವರಿಗೆ ಅನುಮಾನವೇ ಬರಲಿಲ್ಲ.

“ನಾಳೆ ಸದಸ್ಯರೆಲ್ಲ ಸೇರುತ್ತಾರೆ,” ಎಂದರು ಡಾಕ್ಟರು. “ಆ ಊರಿನವರಾಗಿ ಒಂದು ಮಾತು ಹೇಳಿ. ಪುಸ್ತಕದಲ್ಲಿ ನಿಮ್ಮ ಹೆಸರಿನೊಂದಿಗೆ ಹಾಕುತ್ತೇವೆ. ಕೆಲಸದ ತೀರ್ಮಾನವನ್ನೂ ನಾಳೆಯೇ ಮಾಡುವುದು.”

“ಬಹಳ ಕುತೂಹಲಕರವಾಗಿದೆ,” ಎಂದೆ. ಒಂದೇ ದಿನದಲ್ಲಿ ನಾನೂ ಹಲಗೆ ತೂಗುಹಾಕುವವಳಾಗಿದ್ದೆ.

ಅದೇ ಸಂಜೆ, ಕೋಟೆಯ ಕೆಳಗಿನ ತೋಟ

ಅತ್ತೆ ಬೆಂಚಿನ ಮೇಲೆ ಕೂತು ಚಟ್ನಿಪುಡಿ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದರು. ಬ್ರೆಡ್ಡನ್ನು ಅವರು ಜ್ವರದವರ ಆಹಾರವೆಂದು ತಿಳಿದಿರುವುದರಿಂದ ಮುಖ ಸಪ್ಪಗಿತ್ತು.

“ಯಾಕಲೇ ಪೂರ್ಣಿ, ನಿನ್ನ ಮಾರಿ ಹಿಂಗ್ಯಾಕಾಗೇತಿ?”

ಹೇಳಿದೆ. ಅವರು ಬ್ರೆಡ್ಡು ಕೆಳಗಿಟ್ಟರು.

“ಅಂದ್ರ, ಕಟ್ಟಿ ಮ್ಯಾಲ ಕುಂತೋರು ಕುಣ್ಯಾಗ ಕುಂತಂಗ ಕಾಣತಾರೇನು?”

“ಹೂಂ.”

“ಜೀವ ಇರೋರನ್ನ ಕುಣ್ಯಾಗ ಕುಂದ್ರಿಸ್ಯಾನ?” ನಮ್ಮಲ್ಲಿ ಕುಣಿಯೆಂದರೆ ಸತ್ತವರನ್ನು ಕೂರಿಸಿ ಹೂಳುವ ಗುಂಡಿಯೂ ಹೌದು.

“ತಂಪಿಗೆ ಕುಂತಾರ ಅಂತ ಬರದಾರ, ಅತ್ತಿ.”

ಅತ್ತೆ ನಕ್ಕ ನಗೆಗೆ ಪಕ್ಕದ ಬೆಂಚಿನ ದಂಪತಿ ಎದ್ದು ಇನ್ನೊಂದು ಬೆಂಚಿಗೆ ಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆ ಇದ್ದಕ್ಕಿದ್ದಂತೆ ಮುಖ್ಯೋಪಾಧ್ಯಾಯಿನಿಯಾದರು.

“ನಗೋದು ಆತು. ಈಗ ಕೇಳು. ನಾಳೆ ಹೂಂ ಅಂದುಬಿಡು. ಕೆಲಸ ಕೈಗೆ ಬರಲಿ. ಎರಡು ವರ್ಷ ಐತಲ್ಲ, ಆಮ್ಯಾಲ ನಿಧಾನಕ ತಿದ್ದು.”

“ಅಚ್ಚಾದ ಮ್ಯಾಲ ಏನು ತಿದ್ದಲಿ? ಅದರಾಗ ನನ್ನ ಹೆಸರೂ ಇರತೈತಿ.”

“ಇರಲಿ ಬಿಡು. ಇಲ್ಲಾಂದ್ರ ಆ ಹೊಸಪೇಟಿ ವರ ಐತಲ್ಲ, ಗೆಳೆಯರ ಮುಂದ ನಿನ್ನ ಪ್ರಬಂಧನ್ನ ಅಡಿಗಿ ಪುಸ್ತಕ ಅಂದನಲ್ಲ, ಅವಗ ನಿಮ್ಮಪ್ಪ ಮಾತು ಕೊಡಾಕ ತುದಿಗಾಲಿನ ಮ್ಯಾಲ ನಿಂತಾನ. ಎರಡರಾಗ ಯಾವ ಕುಣಿ ಬೇಕು ನೋಡ್ಕೋ.”

ನಾನು ಅವರ ಬ್ರೆಡ್ಡಿನ ಚೂರೊಂದನ್ನು ಪಾರಿವಾಳಕ್ಕೆ ಹಾಕಿದೆ.

“ಬಳ್ಳಾರಿ ಮಂದಿ ಯಾರು ಬಂದು ಓದತಾರಲೇ ಇಲ್ಲಿ?” ಎಂದು ಅತ್ತೆ ಸಮಾಧಾನದ ದನಿಯಲ್ಲಿ ಮುಗಿಸಿದರು.

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಆ ಕೊನೆಯ ಮಾತಿನಿಂದ ವಿಷಯ ತೀರ್ಮಾನವಾಯಿತು, ಅವರು ಬಯಸಿದ್ದಕ್ಕೆ ವಿರುದ್ಧವಾಗಿ. ಬಂದು ಓದುವವರು ಯಾರೂ ಇಲ್ಲವೆಂದೇ ನಮ್ಮ ಬಾಗಿಲಲ್ಲಿ ಗುಂಡಿ ತೋಡಿದ್ದು.

ಮೂರನೇ ದಿನ

ಸದಸ್ಯರು ಹದಿನೈದಿಪ್ಪತ್ತು ಜನ, ಹೆಚ್ಚಿನವರು ನಿವೃತ್ತರು, ಎಲ್ಲರೂ ಬಹಳ ಸೌಮ್ಯರು. ಚಹಾ ಬಂತು. ಹಾಲು ಮೊದಲೋ ಚಹಾ ಮೊದಲೋ ಎಂಬುದರ ಮೇಲೆ ಇಬ್ಬರು ಮುದುಕರು ನಡೆಸಿದ ಚರ್ಚೆಯ ಬಿಸಿಗೆ ಚಹಾ ಆರಿತು. ನಂತರ ಸ್ಟೀರಿಯೋಸ್ಕೋಪ್ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಆಹಾ ಎಂದರು. “ಪಾಪ, ಗುಂಡಿಯಲ್ಲಿ ಎಷ್ಟು ತಾಳ್ಮೆಯಿಂದ ಕೂತಿದ್ದಾರೆ,” ಎಂದು ಒಬ್ಬಾಕೆ ಕರುಣೆಯಿಂದ ಹೇಳಿದಳು. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಬಿಸ್ಕತ್ತು ಕಚ್ಚಿ ನಗು ತಡೆದದ್ದು ನನಗೆ ಕೇಳಿಸಿತು.

ಡಾಕ್ಟರು ನನ್ನ ಕಡೆ ತಿರುಗಿದರು. “ಆ ಬೀದಿಯ ಮಗಳು ಏನು ಹೇಳುತ್ತಾರೆ?”

ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಇಷ್ಟವಿಲ್ಲ. ಗಟ್ಟಿಯಾಗಿ ಮಾತಾಡುವುದಂತೂ ಬರುವುದೇ ಇಲ್ಲ. ಆದ್ದರಿಂದ ಮೆಲ್ಲಗೆ ಹೇಳಿದೆ: ಇವು ಗುಂಡಿಗಳಲ್ಲ, ಕಟ್ಟೆಗಳು. ಎರಡು ಕಟ್ಟೆ ಈಗಲೂ ಇವೆ, ನಾನು ಅಳೆದಿದ್ದೇನೆ. ಎಡದ ಚಿತ್ರ ಬಲಕ್ಕೆ ಅಂಟಿದೆ. ಕಾರ್ಡು ಕತ್ತರಿಸುವುದು ಬೇಡ; ಸಾಧನ ಬದಿಗಿಟ್ಟು, ಬರಿಗಣ್ಣಿನಲ್ಲಿ ಕಣ್ಣುಗಳನ್ನು ಮೂಗಿನ ಕಡೆ ತಿರುಗಿಸಿ ನೋಡಿದರೆ ಚಿತ್ರಗಳು ತಾವಾಗಿಯೇ ಅದಲುಬದಲಾಗಿ ಬೀದಿ ಸರಿಹೋಗುತ್ತದೆ.

ಮಿಸೆಸ್ ಪ್ರಿಂಗಲ್ ಅವರ ನಾಯಿ ಬಾಲ ಆಡಿಸುವುದನ್ನು ನಿಲ್ಲಿಸಿತು.

“ಮೂಗಿನ ಮುಂದೆ ಒಂದು ಬೆರಳು ಹಿಡಿದುಕೊಳ್ಳಿ,” ಎಂದೆ. “ಬೆರಳನ್ನು ನೋಡಿ. ಕಾರ್ಡು ಅದರ ಹಿಂದಿರಲಿ.”

ಹೇಳಿದ್ದನ್ನು ವಿಧೇಯವಾಗಿ ಮಾಡುವ ಜನ ಅವರು. ಒಬ್ಬರಾದ ಮೇಲೊಬ್ಬರು ಕಾರ್ಡು ಹಿಡಿದು, ಮೂಗಿಗೆ ಬೆರಳೆತ್ತಿ, ಮೆಳ್ಳೆಗಣ್ಣು ಮಾಡಿದರು. ಕೋಟು ಟೈ ತೊಟ್ಟ ಮಾಜಿ ನ್ಯಾಯಾಧೀಶರೊಬ್ಬರ ಕಣ್ಣುಗಳು ಒಂದನ್ನೊಂದು ಭೇಟಿಯಾಗಲು ಹೊರಟು ಅರ್ಧ ದಾರಿಯಲ್ಲಿ ನಿಂತವು.

“ಯವ್ವಾ, ಇಡೀ ಸಾಲಿಗೆ ಶಿಕ್ಷೆ ಕೊಟ್ಟಿಯಲ್ಲಲೇ!” ಎಂದರು ಅತ್ತೆ ಕನ್ನಡದಲ್ಲಿ, ಆದರೂ ದನಿ ತಗ್ಗಿಸಿ.

ಮೊದಲು ಕಂಡದ್ದು ಮಿಸೆಸ್ ಪ್ರಿಂಗಲ್‌ಗೆ. “ಓ!” ಎಂದು ಕೂಗಿದರು. “ಗುಡ್ಡ ಹಿಂದಕ್ಕೆ ಹೋಯಿತು! ಇವರು ಮೇಲೆ ಬಂದರು! ನೋಡಿ, ಈ ಅಜ್ಜ ಕಾಲು ಇಳಿಬಿಟ್ಟು ಕೂತಿದ್ದಾನೆ. ಗುಂಡಿಯಲ್ಲಿ ಯಾರಾದರೂ ಕಾಲು ಇಳಿಬಿಡುತ್ತಾರೆಯೇ?” ಇನ್ನಿಬ್ಬರಿಗೂ ಕಂಡಿತು. ಕಂಡವರು ಖುಷಿಯಿಂದ ಬಾಯಿ ತೆರೆದರು, ಡಾಕ್ಟರ ಮುಖ ನೋಡಿ ಮುಚ್ಚಿದರು.

ಡಾಕ್ಟರು ಕಾರ್ಡನ್ನು ತೆಗೆದುಕೊಂಡರು. ಬೆರಳೆತ್ತಲಿಲ್ಲ. ಅದನ್ನು ಗಾಜಿನ ಸಾಮಾನಿನಷ್ಟೇ ಎಚ್ಚರಿಕೆಯಿಂದ ಮೇಜಿನ ಮೇಲಿಟ್ಟರು.

“ಬಹಳ ಕುತೂಹಲಕರ,” ಎಂದರು. ಆ ಎರಡು ಪದದ ಅರ್ಥ ಈಗ ನನಗೆ ಗೊತ್ತಿತ್ತು. “ಆದರೆ ಆ ಛಾಯಾಗ್ರಾಹಕ ಅನುಭವಿ. ಅಲ್ಲಿಯ ಜನರ ಮನಸ್ಸನ್ನು ಅರಿತೇ ಅವನು ಹೀಗೆ ಅಂಟಿಸಿರಬಹುದು. ಒಳಸರಿಯುವ ಬೀದಿಯನ್ನು ಒಳಸರಿದಂತೆಯೇ ತೋರಿಸಲು.”

“ಕಾಲು ಇಳಿಬಿಟ್ಟವರು?”

“ಗುಂಡಿ ಆಳವಿರಬೇಕು.”

ನಾನು ಕೆಳಗಿನ ಖಾನೆಯನ್ನು ಎಳೆದು, ಹೊಂಡಕ್ಕೆ ಬಿದ್ದ ಅವರ ಕೋಟೆಯನ್ನು ಬಳ್ಳಾರಿಯ ಪಕ್ಕದಲ್ಲಿಟ್ಟೆ. “ಇದನ್ನು ಅಂಟಿಸಿದವನು ನಿಮ್ಮ ಮನಸ್ಸನ್ನು ಅರಿತಿದ್ದನೇ?”

“ಇದು ಬರೀ ತಪ್ಪು,” ಎಂದರು ಡಾಕ್ಟರು, ಒಂದು ಕ್ಷಣವೂ ಯೋಚಿಸದೆ. “ನಮ್ಮ ಕೋಟೆ ಹೇಗಿದೆಯೆಂದು ನಮಗೆ ಗೊತ್ತಿಲ್ಲವೇ.”

ಆಡಿದ ಮೇಲೆ ಅದು ಅವರಿಗೂ ಕೇಳಿಸಿತೆಂದು ಕಾಣುತ್ತದೆ. ಕಿವಿಯ ತುದಿ ಕೆಂಪಾಯಿತು. ಅತ್ತೆ ಈ ಸಲ ಬಿಸ್ಕತ್ತಿನ ಸಹಾಯ ಪಡೆಯಲಿಲ್ಲ, ಗಟ್ಟಿಯಾಗಿಯೇ ನಕ್ಕರು. ಮಾಜಿ ನ್ಯಾಯಾಧೀಶರು ಕಿಟಕಿಯ ಕಡೆ ನೋಡಿ, ಇನ್ನೇನು ಮಳೆ ಬರಬಹುದು ಎಂದರು. ಎಲ್ಲರೂ ಕೃತಜ್ಞತೆಯಿಂದ ಮಳೆಯ ಬಗ್ಗೆ ಮಾತಾಡತೊಡಗಿದರು.

ಹೊರಡುವ ದಿನ

ಮಿಸೆಸ್ ಪ್ರಿಂಗಲ್ ನಾಯಿಯೊಡನೆ ಮೂರು ಮಹಡಿ ಹತ್ತಿ ಬಂದರು. ಅತ್ತೆ ಆಗಷ್ಟೇ ಮೆಟ್ಟಿಲು ತೊಳೆದು ಒಂದೊಂದರ ಮೇಲೂ ರಂಗೋಲಿ ಎಳೆದಿದ್ದರು. ಕೆಳಮನೆಯ ಮುದುಕ ರಂಗೋಲಿ ತುಳಿಯಲಾಗದೆ, ತುಳಿಯದೆ ಇಳಿಯಲೂ ಆಗದೆ ಎರಡನೇ ಮಹಡಿಯಲ್ಲಿ ನಿಂತಿದ್ದನಂತೆ. ನಾಯಿ ಎಲ್ಲವನ್ನೂ ತುಳಿದುಕೊಂಡು ಬಂದಿತ್ತು.

ಕೆಲಸ ಇನ್ನೊಬ್ಬ ಅಭ್ಯರ್ಥಿಗೆ ಹೋಗಿತ್ತು. ಅವನಿಗೆ ಹಿಂಜರಿಯುವ ಬೀದಿಯ ಬಗ್ಗೆ ಬಹಳ ಉತ್ಸಾಹವಂತೆ. “ನಾನು ನಿಮ್ಮ ಪರವಾಗಿ ಕೈಯೆತ್ತಿದೆ,” ಎಂದರು ಮಿಸೆಸ್ ಪ್ರಿಂಗಲ್, ನನ್ನ ಕಣ್ಣು ತಪ್ಪಿಸಿ. “ಇನ್ನೂ ಕೆಲವರು ಎತ್ತುವವರಿದ್ದರು. ಅವರಿಗೆ ಕಂಡದ್ದು ನಿಜ. ಆದರೆ ಲೋರಿಮರ್ ಆ ಲೇಖನಕ್ಕೆ ಎಷ್ಟೊಂದು ವರ್ಷ ಕೊಟ್ಟಿದ್ದಾರೆ...”

“ಪುಸ್ತಕ?”

“ಅಚ್ಚಿಗೆ ಹೊರಟಿದೆ. ನಿಮ್ಮ ಮಾತಿಗೆ ಒಂದು ಅಡಿಟಿಪ್ಪಣಿ ಹಾಕಲು ಒಪ್ಪಿಸಿದ್ದೇನೆ. ಅಷ್ಟಾದರೂ ಆಯಿತು.”

“ಹಾಕುವುದಾದರೆ ನನ್ನ ಹೆಸರು ಬೇಡ,” ಎಂದೆ.

ಅವರು ಬಾಗಿಲಲ್ಲಿ ನಿಂತು, “ನಾನು ಮನೆಗೆ ಹೋಗಿ ಕನ್ನಡಿಯೆದುರು ಕಣ್ಣು ತಿರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ,” ಎಂದರು. ಒಳ್ಳೆಯ ಹೆಂಗಸು. ಖಾಸಗಿಯಾಗಿ ಸತ್ಯ ನೋಡುವ ಅಭ್ಯಾಸ ಆ ಊರಿನಲ್ಲಿ ಬೇಕಾದಷ್ಟು ಜನಕ್ಕಿದೆ.

ಅತ್ತೆ ಪೆಟ್ಟಿಗೆಯ ಜಿಪ್ಪು ಎಳೆಯುತ್ತ ನನಗೆ ಬೈಯುತ್ತಾರೆಂದು ಕಾದೆ. ಅವರು ಮತ್ತೆ ಜಿಪ್ಪು ತೆರೆದು ಚೊಂಬನ್ನು ಒಳಗೆ ತುರುಕಿದರು. ಕೊನೆಗೆ, “ಹೊಸಪೇಟಿಯವರಿಗೆ ನಾನ ಫೋನ್ ಹಚ್ಚತೀನಿ,” ಎಂದರು.

“ಏನಂತ?”

“ಹುಡುಗಿ ಕಣ್ಣು ಮೆಳ್ಳಗಣ್ಣು ಆಗ್ಯಾವು, ಕುರುಗೋಡು ಪೂಜಾರಿನ್ನ ಕೇಳ್ರಿ ಅಂತ. ಅವರಾಗೇ ಬ್ಯಾಡ ಅಂತಾರ.”

ಮತ್ತೆ ಬಳ್ಳಾರಿ

ಕೆಲವು ತಿಂಗಳ ಮೇಲೆ ಪುಸ್ತಕ ಬಂತು. ದಪ್ಪ ಕಾಗದ, ಚಂದದ ಅಚ್ಚು, ಜೊತೆಗೆ ನೋಡಲು ಒಂದು ಪುಟ್ಟ ರಟ್ಟಿನ ಸಾಧನ. ಹಿಂಜರಿಯುವ ಬೀದಿ ಒಂದಕ್ಷರವೂ ಹಿಂಜರಿಯದೆ ಹಾಗೇ ಇತ್ತು. ಆ ಹೊತ್ತಿಗೆ ನನಗೆ ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಅತ್ತೆ ಸಿರುಗುಪ್ಪದಿಂದ ಬಂದಿದ್ದರು. ಇಬ್ಬರೂ ಕೂತು ಬಳ್ಳಾರಿಯ ಪುಟದ ಕೆಳಗಿನ ಸಣ್ಣ ಅಕ್ಷರದ ಅಡಿಟಿಪ್ಪಣಿ ಹುಡುಕಿದೆವು. ನಾನು ಕನ್ನಡದಲ್ಲಿ ಓದಿ ಹೇಳಿದೆ:

“ಈ ಗುಂಡಿಗಳು ಈಗ ನೋಡಸಿಗುವುದಿಲ್ಲ. ಅವನ್ನು ಮುಚ್ಚಿ, ಅದೇ ಜಾಗದಲ್ಲಿ ಕಟ್ಟೆಗಳನ್ನು ಕಟ್ಟಲಾಗಿದೆ ಎಂಬುದು ಬಳ್ಳಾರಿಯ ಮಹಿಳೆಯೊಬ್ಬರ ಮಾತಿನಿಂದ ತಿಳಿದುಬಂದಿದೆ.”

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಯಾವಾಗ ಮುಚ್ಚಿದ್ವಿ ಲೇ ನಾವು?”

ನಾನು ಇನ್ನೊಮ್ಮೆ ಓದಿದೆ. ಬಳ್ಳಾರಿಯ ಮಹಿಳೆಯೊಬ್ಬರು. ಹೆಸರಿಲ್ಲ. ನಾನು ಎಡಿನ್‌ಬರೊದಲ್ಲಿ ಹೇಳಿದ್ದರಲ್ಲಿ ಅವರು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ.